ಸಿಗ್ನಲ್ ಇದ್ದರೂ ಚಿತ್ರವಿಲ್ಲ: ಹಳೆಯ ಫ್ರೀ ಡಿಶ್ ಬಾಕ್ಸ್ ಬದಲಿಸಲೇಬೇಕೇ?

ಪ್ರಶ್ನೆ (ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ)
ನಮಸ್ಕಾರ. ನಮ್ಮ ಮಾಳಿಗೆಯ ಮೇಲಿನ ಡಿಡಿ ಫ್ರೀ ಡಿಶ್ ಛತ್ರಿಗೆ ಹನ್ನೆರಡು ವರ್ಷಗಳಾದವು. ಸಿಗ್ನಲ್ ಚೆನ್ನಾಗಿಯೇ ತೋರಿಸುತ್ತದೆ. ಆದರೆ ಕೆಲವು ಚಾನೆಲ್‌ಗಳಲ್ಲಿ ಧ್ವನಿ ಮಾತ್ರ ಬಂದು ಪರದೆ ಕಪ್ಪಾಗಿಯೇ ಉಳಿಯುತ್ತದೆ, ಇನ್ನು ಕೆಲವು ಎಷ್ಟು ಸಲ ಸ್ಕ್ಯಾನ್ ಮಾಡಿದರೂ ಪಟ್ಟಿಗೇ ಬರುವುದಿಲ್ಲ. ಟಿವಿಯೇ ಕೆಟ್ಟಿದೆಯೆಂದು ಅವ್ವ ಅದರ ತಲೆಗೆ ಎರಡು ಸಲ ತಟ್ಟಿಯೂ ನೋಡಿದರು. ಅಂಗಡಿಯವರು ಛತ್ರಿ, ಅದರ ಮುಂದಿನ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ, ವೈರು, ಬಾಕ್ಸು ಎಲ್ಲವನ್ನೂ ಬದಲಿಸಬೇಕೆನ್ನುತ್ತಾರೆ. ಅಷ್ಟೆಲ್ಲ ಬೇಕೇ? ನಮ್ಮದು ಹಳೆಯ ಡಬ್ಬಿ ಟಿವಿ.

ಉತ್ತರ 1 (ಕಲಬುರಗಿ)
ಬೇಕಿಲ್ಲ ಸರ್, ಬಾಕ್ಸ್ ಒಂದೇ ಸಾಕು. ನೀವು ಹೇಳಿದ ಎರಡು ಲಕ್ಷಣಗಳಿಗೆ ಎರಡು ಬೇರೆ ಕಾರಣಗಳಿವೆ. ಧ್ವನಿ ಬಂದು ಚಿತ್ರ ಬಾರದ ಚಾನೆಲ್ ಎಂಪೆಗ್-4ರಲ್ಲಿ, ಅಂದರೆ ಚಿತ್ರವನ್ನು ಕುಗ್ಗಿಸಿ ಕಳಿಸುವ ಹೊಸ ಪದ್ಧತಿಯಲ್ಲಿ, ಬರುತ್ತಿರುತ್ತದೆ. ಧ್ವನಿ ಹಳೆಯ ಪದ್ಧತಿಯಲ್ಲೇ ಇರುವುದರಿಂದ ಎಂಪೆಗ್-2 ಮಾತ್ರ ತಿಳಿಯುವ ಹಳೆಯ ಬಾಕ್ಸಿಗೆ ಅದು ಅರ್ಥವಾಗುತ್ತದೆ, ಚಿತ್ರ ಆಗುವುದಿಲ್ಲ. ಪಟ್ಟಿಗೇ ಬಾರದ ಚಾನೆಲ್ ಬಹುಪಾಲು ಡಿವಿಬಿ-ಎಸ್2 ಎಂಬ ಹೊಸ ಪ್ರಸಾರ ಪದ್ಧತಿಯ ತರಂಗದಲ್ಲಿರುತ್ತದೆ. ಅದನ್ನು ಹಿಡಿಯುವ ಟ್ಯೂನರ್ ಹಳೆಯ ಬಾಕ್ಸಿನಲ್ಲಿ ಇಲ್ಲ. ಎರಡೂ ಚಿಪ್ಪಿನೊಳಗಿನ ಮಿತಿಗಳಾದ್ದರಿಂದ ಸಾಫ್ಟ್‌ವೇರ್ ಹಾಕಿಸಿ ಪ್ರಯೋಜನವಿಲ್ಲ, ಆ ಹೆಸರಿನಲ್ಲಿ ಹಣ ಕೇಳಿದರೆ ಕೊಡಬೇಡಿ. ಎಂಪೆಗ್-4ಕ್ಕೆ ಸುಮಾರು ಅರ್ಧದಷ್ಟು ಜಾಗ ಸಾಕಾಗುವುದರಿಂದ ಉಪಗ್ರಹದ ಅದೇ ಪ್ರಸಾರ ಘಟಕದಲ್ಲಿ (ಟ್ರಾನ್ಸ್‌ಪಾಂಡರ್) ಹೆಚ್ಚು ಚಾನೆಲ್‌ಗಳನ್ನು ತುಂಬಬಹುದು, ಬದಲಾವಣೆಯ ಕಾರಣವೂ ಅದೇ.

ಛತ್ರಿಯನ್ನು ಅಲುಗಿಸಲೂ ಬೇಡಿ. ಮೊದಲಿನ ಉಪಗ್ರಹ ಇನ್‌ಸ್ಯಾಟ್-4ಬಿ ಇದ್ದ 93.5 ಡಿಗ್ರಿ ಪೂರ್ವದಲ್ಲೇ 2015ರಲ್ಲಿ ಹಾರಿದ ಜಿಸ್ಯಾಟ್-15 ಇದೆ, ಹಾಗಾಗಿ ಛತ್ರಿಯ ದಿಕ್ಕು ಬದಲಾಗಿಲ್ಲ. ಎಲ್‌ಎನ್‌ಬಿಯ ಹತ್ತಿರದ ಪಿನ್ ಬಿಚ್ಚಿ ನೋಡಿ: ತಾಮ್ರದ ತಂತಿ ಹಸಿರುಗಟ್ಟಿದ್ದರೆ ಅರ್ಧ ಇಂಚು ಕತ್ತರಿಸಿ ಹೊಸ ಪಿನ್ ಹಾಕಿಸಿ.

ಉತ್ತರ 2 (ಬೀದರ್)
ಮೇಲಿನವರ ಮಾತಿಗೆ ಒಂದು ಸೇರ್ಪಡೆ. ಚಾನೆಲ್ ಹೆಸರಿನ ಮುಂದೆ ಡಾಲರ್ ಗುರುತಿದ್ದರೆ ಅದು ಬೀಗ ಹಾಕಿದ ಚಾನೆಲ್, ಹೊಸ ಬಾಕ್ಸಿನಲ್ಲೂ ತೆರೆಯದು. ಕೊಳ್ಳುವಾಗ ಎಂಪೆಗ್-4, ಡಿವಿಬಿ-ಎಸ್2 ಎರಡನ್ನೂ ಓದಿ ನೋಡಿ, ಹಿಂಬದಿಯಲ್ಲಿ ಹಳದಿ-ಕೆಂಪು-ಬಿಳಿ ವೈರಿನ ಜಾಗ ಇದೆಯೇ ಎಂದೂ ಪರೀಕ್ಷಿಸಿ. ಹೊಸ ಟಿವಿಗಳಿಗೆ ಹೊಂದುವ ಎಚ್‌ಡಿಎಂಐ ಕಿಂಡಿ ಮಾತ್ರ ಇರುವ ಬಾಕ್ಸ್ ನಿಮ್ಮ ಟಿವಿಗೆ ನೇರವಾಗಿ ಕೂಡದು.

ಉತ್ತರ 3 (ಕಲಬುರಗಿ)
ಇದ್ದ ಸಾಮಾನು ಹೀಗೆ ಉಪಯೋಗಕ್ಕೆ ಬಾರದಂತಾಗುವುದು ನಮ್ಮ ಭಾಗಕ್ಕೆ ಹೊಸತೇನಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತೋರಿಸಿದ ಸೈಟ್ ಪ್ರಯೋಗದಲ್ಲಿ ಅಂದಿನ ಗುಲಬರ್ಗಾ ಜಿಲ್ಲೆಯ ಹಳ್ಳಿಗಳಲ್ಲೂ ಹತ್ತು ಅಡಿಯ ಜಾಲರಿ ಛತ್ರಿಗಳಿದ್ದವು. ಆ ಉಪಗ್ರಹ ಮರಳಿ ಹೋದ ಮೇಲೆ ಅವುಗಳಿಗೆ ಹಿಡಿಯಲು ಏನೂ ಉಳಿಯಲಿಲ್ಲ.

ಪ್ರಶ್ನೆ ಕೇಳಿದವರು
ಹಳೆಯ ಬಾಕ್ಸನ್ನು ಮಗುಚಿ ನೋಡಿದೆ, ಅಡಿಯ ಚೀಟಿಯಲ್ಲಿ ಎಂಪೆಗ್-2 ಎಂದೇ ಇದೆ. ಬಾಕ್ಸ್ ಮಾತ್ರ ತರುತ್ತೇನೆ.