ಆಗುಂಬೆ ಘಾಟಿಗೆ ಟಯರ್: ಹಿಡಿತವೋ, ಬಾಳಿಕೆಯೋ?

ಪ್ರಶ್ನೆ: ಕಾರಿನ ಟಯರ್ ಅಳತೆ 185/65 ಆರ್15, ಟ್ರೆಡ್ (ಗೀರುಗಳ ಆಳ) 2.5 ಮಿ.ಮೀ. ಉಳಿದಿದೆ. ವಾರಕ್ಕೆರಡು ಸಲ ತೀರ್ಥಹಳ್ಳಿ–ಆಗುಂಬೆ–ಉಡುಪಿ. ಟ್ರೆಡ್‌ವೇರ್ (ಬಾಳಿಕೆಯ ಅಂಕಿ, ಹೆಚ್ಚಿದ್ದಷ್ಟೂ ನಿಧಾನ ಸವೆತ) 300ರದ್ದು ಹಾಕಿಸೋದಾ, 500ರದ್ದಾ?

ಉತ್ತರ 1: ಮೊದಲು ಮಳೆಗಾಲಕ್ಕೆ ಮುಂಚೆ ಬದಲಿಸಿ. ಗೀರಿನ ತಳದಲ್ಲಿರೋ ಪುಟ್ಟ ಉಬ್ಬು 1.6ರ ಗುರುತು, ಅದು ಕಡೇ ಮಿತಿ. 3ಕ್ಕಿಂತ ಕೆಳಗಿಳಿದಾಗಲೇ ಗೀರುಗಳು ನೀರನ್ನ ಸರಿಯಾಗಿ ಹೊರಹಾಕಲ್ಲ, ಚಕ್ರ ನೀರಿನ ಮೇಲೆ ತೇಲುತ್ತೆ. ಆ ತಿರುವುಗಳಿಗೆ ಕಡಿಮೆ ಅಂಕಿಯ ಮೆತ್ತನೆ ರಬ್ಬರೇ ಸರಿ, ಬೇಗ ಸವೆದರೆ ಸವೀಲಿ.

ಉತ್ತರ 2: ಟ್ರೆಡ್‌ವೇರ್ ಅಂಕಿ ಆಯಾ ಕಂಪನಿಯೇ ಕೊಟ್ಟುಕೊಳ್ಳೋದು. ಒಂದು ಬ್ರ್ಯಾಂಡಿನ 300ನ್ನ ಇನ್ನೊಂದರ 500ಕ್ಕೆ ಹೋಲಿಸ್ಬೇಡಿ. ಒದ್ದೆ ರಸ್ತೆಗೆ ಆ ಅಂಕಿಯ ಪಕ್ಕದಲ್ಲಿರೋ ಟ್ರ್ಯಾಕ್ಷನ್ (ಒದ್ದೆಯಲ್ಲಿ ಹಿಡಿತದ ದರ್ಜೆ) ‘ಎಎ’ ಅಥವಾ ‘ಎ’ ನೋಡಿ. ತಯಾರಾದ ದಿನಾಂಕವನ್ನೂ ನೋಡಿ: ಟಯರ್ ಮೇಲಿನ ಕೋಡ್ 2325 ಅಂದ್ರೆ 2025ರ 23ನೇ ವಾರದ ಮಾಲು.

ಉತ್ತರ 3: ಎರಡೇ ಹಾಕಿಸೋದಾದ್ರೆ ಹೊಸವು ಹಿಂದಕ್ಕೆ. ಮುಂದೆ ಹಾಕಿದ್ರೆ ಒದ್ದೆ ತಿರುವಲ್ಲಿ ಹಿಂಬದಿ ಜಾರುತ್ತೆ. ಎಷ್ಟೋ ಅಂಗಡಿಯವರು ಒಪ್ಪಲ್ಲ, ಪಟ್ಟು ಹಿಡೀರಿ.