ಪದಚರ್ಚೆ: ‘ಮೆಮೊರಿ ಸೋರಿಕೆ’ ಸರಿಯಾದ ಪದವೇ?

ಎಲ್ಲರಿಗೂ ನಮಸ್ಕಾರ.

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆಂದು ಲಿನಕ್ಸ್ ಕರ್ನೆಲ್ (ಯಂತ್ರವನ್ನೂ ಪ್ರೋಗ್ರಾಂಗಳನ್ನೂ ನಿಭಾಯಿಸುವ ತಿರುಳು) ಬಗ್ಗೆ ಟಿಪ್ಪಣಿ ಬರೆಯುತ್ತಿದ್ದೇನೆ. ಇಲ್ಲಿ ಶಾಲೆಯ ಐಟಿ ಪಾಠ ಲಿನಕ್ಸ್‌ನಲ್ಲೇ ನಡೆಯುವುದರಿಂದ ಕೆಲವರಿಗೆ ಒಳಗಿನ ವಿಷಯವೂ ಬೇಕು. ಪಡೆದ ಮೆಮೊರಿಯನ್ನು ಕೆಲಸ ಮುಗಿದ ಮೇಲೂ ವಾಪಸ್ ಕೊಡದೆ ಬಿಡುವುದಕ್ಕೆ ಇಂಗ್ಲಿಷಿನಲ್ಲಿ ‘ಮೆಮೊರಿ ಲೀಕ್’ ಎನ್ನುತ್ತಾರಲ್ಲ, ಅದಕ್ಕೆ ಕನ್ನಡದಲ್ಲಿ ಏನು ಬರೆಯಲಿ?

ಸೋರಿಕೆ ಅಂದ ಕೂಡಲೇ ಪ್ರಶ್ನೆಪತ್ರಿಕೆ ನೆನಪಾಗುತ್ತದೆ, ಅಲ್ವಾ? ಒಳಗಿದ್ದದ್ದು ಹೊರಗೆ ಹೋಯಿತು ಎಂದರ್ಥ. ಮಲಯಾಳದ ‘ಚೋರ್ಚ’ಯೂ ಹಾಗೆಯೇ. ಆದರೆ ಇಲ್ಲಿ ಏನೂ ಹೊರಗೆ ಹೋಗುವುದಿಲ್ಲ. ಕರ್ನೆಲ್ ಒಳಗಿನ ಯಾವುದೋ ಡ್ರೈವರ್ (ಸಾಧನವೊಂದನ್ನು ನಡೆಸುವ ಕೋಡ್), ಮೆಮೊರಿ ಕೊಡುವ ಕೆಮ್ಯಾಲಕ್ ಎಂಬ ಫಂಕ್ಷನ್ ಕರೆದು ಜಾಗ ಪಡೆಯುತ್ತದೆ. ನಡುವೆ ಎಡವಟ್ಟಾಗಿ ಅರ್ಧದಲ್ಲೇ ಹಿಂದಿರುಗುತ್ತದೆ, ಜಾಗ ವಾಪಸ್ ಕೊಡುವ ಕೆಫ್ರೀ ಕರೆಯುವುದೇ ಇಲ್ಲ. ಬೀಗ ಹಾಕಿದ ಕೋಣೆಯ ಕೀಲಿ ಕಳೆದ ಹಾಗೆ. ಸಾಮಾನ್ಯ ಪ್ರೋಗ್ರಾಂ ಹೀಗೆ ಮರೆತರೆ, ಅದು ಮುಗಿದಾಗ ಕರ್ನೆಲ್ ಎಲ್ಲವನ್ನೂ ವಾಪಸ್ ತೆಗೆದುಕೊಳ್ಳುತ್ತದೆ. ಕರ್ನೆಲ್ಲೇ ಮರೆತರೆ ಕೇಳುವವರಿಲ್ಲ. ರೀಬೂಟ್ ಆಗುವ ತನಕ ಆ ಜಾಗ ಹೋದ ಹಾಗೆಯೇ.

ಇನ್ನೊಂದು ತೊಡಕು. ಕರ್ನೆಲ್‌ನಲ್ಲಿ ನಿಜವಾದ ಸೋರಿಕೆಯೂ ಇದೆ. ಹೊಸ ಮಾಹಿತಿ ತುಂಬದೆ ಬಿಟ್ಟ ಜಾಗದಲ್ಲಿ ಉಳಿದ ಹಳೆಯ ಮಾಹಿತಿ ಬಳಕೆದಾರರ ಪ್ರೋಗ್ರಾಂಗೆ ಸಿಕ್ಕಿಬಿಡುವುದು. ಅದನ್ನು ಹಿಡಿಯಲು ಕರ್ನೆಲ್ಲಿನ 6.1ನೇ ಆವೃತ್ತಿಯಿಂದ ಕೆಎಂಸ್ಯಾನ್ ಎಂಬ ಬೇರೆಯೇ ಸಾಧನ ಬಂದಿದೆ. ಎರಡನ್ನೂ ಸೋರಿಕೆ ಅಂದರೆ ಮಕ್ಕಳು ಏನೆಂದುಕೊಳ್ಳಬೇಕು?

ಮರೆತ ಜಾಗವನ್ನು ಹುಡುಕುವ ಸಾಧನ ಕೆಮೆಮ್‌ಲೀಕ್. 2009ರಲ್ಲಿ 2.6.31ನೇ ಆವೃತ್ತಿಯ ಜೊತೆ ಬಂತು. ಅದನ್ನು ಸೇರಿಸಿ ಕಟ್ಟಿದ ಕರ್ನೆಲ್‌ನಲ್ಲಿ ಸಾಮಾನ್ಯವಾಗಿ 10 ನಿಮಿಷಕ್ಕೊಮ್ಮೆ ಮೆಮೊರಿಯನ್ನು ಜಾಲಾಡುತ್ತದೆ. ಯಾವ ಪಾಯಿಂಟರೂ (ಜಾಗದ ವಿಳಾಸ ಇಟ್ಟುಕೊಂಡ ಗುರುತು) ತೋರಿಸದ ತುಂಡುಗಳನ್ನು, ಅವನ್ನು ಪಡೆದ ಕೋಡಿನ ಜಾಡಿನ ಸಮೇತ ಪಟ್ಟಿ ಮಾಡುತ್ತದೆ. ಪಟ್ಟಿಯಲ್ಲಿ ಬಂದದ್ದೆಲ್ಲ ಲೀಕ್ ಅಲ್ಲ, ಬರೀ ಅನುಮಾನ. ಅಂಥ ತುಂಡಿಗೆ ಸದ್ಯಕ್ಕೆ ‘ವಾರಸಿಲ್ಲದ ಮೆಮೊರಿ’ ಎಂದು ಬರೆದಿದ್ದೇನೆ. ‘ಅನಾಥ’ ಬೇಡ, ಸುಮ್ನೆ ಕನಿಕರ ಹುಟ್ಟಿಸುತ್ತದೆ.

ಆದರೆ ಇದೂ ಪೂರ್ತಿ ಹೊಂದುವುದಿಲ್ಲ. ಯಾವುದೋ ಲಿಸ್ಟಿಗೆ ಸೇರಿಕೊಂಡೇ ಇದ್ದು, ಮುಂದೆಂದೂ ಬಳಕೆಗೆ ಬಾರದ ತುಂಡೂ ಲೀಕೇ. ಅದಕ್ಕೆ ಪಾಯಿಂಟರ್ ಇರುವುದರಿಂದ ಕೆಮೆಮ್‌ಲೀಕ್ ಕಣ್ಣಿಗೆ ಬೀಳುವುದಿಲ್ಲ. ಕರ್ನೆಲ್ ಬಳಸುತ್ತಿರುವ ತುಂಡುಗಳ ಲೆಕ್ಕ ತೋರಿಸುವ ಸ್ಲ್ಯಾಬ್‌ಟಾಪ್‌ನಲ್ಲಿ ಆ ಲೆಕ್ಕ ಏರುತ್ತಲೇ ಇರುವುದನ್ನು ನೋಡಿ ಹಿಡಿಯಬೇಕು. ಅದಕ್ಕೆ ವಾರಸು ಉಂಟು, ಕೆಲಸವಿಲ್ಲ.

ಎರಡಕ್ಕೂ ಒಪ್ಪುವಂತೆ ‘ವಾಪಸಾಗದ ಮೆಮೊರಿ’ ಎನ್ನಬಹುದೇ? ‘ಪೋಲು’ ಎಂದರೆ ಬೇಕಾಬಿಟ್ಟಿ ಖರ್ಚು ಮಾಡಿದಂತೆ ಕೇಳುತ್ತದೆ. ಲೀಕ್ ಎಂದೇ ಉಳಿಸಿಕೊಳ್ಳುವುದಕ್ಕೂ ನನ್ನ ತಕರಾರಿಲ್ಲ. ಕಂಪ್ಯೂಟರ್ ಪಾಠ ಮಾಡುವವರು ತರಗತಿಯಲ್ಲಿ ಏನು ಹೇಳುತ್ತೀರಿ?