ಸಹಾಯ ಬೇಕು: ‘ಆಫೀಸ್ ಪಾಲಿಟಿಕ್ಸ್’ಗೆ ನಿಮ್ಮಲ್ಲಿ ಏನಂತಾರೆ?

ಎಲ್ಲರಿಗೂ ನಮಸ್ಕಾರ. ಕೆಲಸ ಮಾಡುತ್ತಲೇ ಎಂಬಿಎ ಓದುತ್ತಿದ್ದೇನೆ. ಆಫೀಸ್ ಪಾಲಿಟಿಕ್ಸ್ ನೌಕರರಿಗೆ ಹೇಗೆ ಕಾಣುತ್ತೆ ಅನ್ನುವುದೇ ನನ್ನ ಪ್ರಾಜೆಕ್ಟ್. ಇದನ್ನು ಅಳೆಯಲು ಅಮೆರಿಕದ ಸಂಶೋಧಕರು 1991ರಲ್ಲಿ 12 ಹೇಳಿಕೆಗಳ ಪಟ್ಟಿ ಮಾಡಿದ್ದರು. 1997ರಲ್ಲಿ ಅದು ತಿದ್ದುಪಡಿಯಾಗಿ 15 ಆಯಿತು. ಅದನ್ನೇ ಕನ್ನಡಕ್ಕೆ ತರುತ್ತಿದ್ದೇನೆ.

ತೊಡಕು ಬಂದಿದ್ದು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ, ನೌಕರರನ್ನು ಮಾತಾಡಿಸಿದಾಗ. ‘ನಿಮ್ಮಲ್ಲಿ ರಾಜಕೀಯ ಇದೆಯಾ?’ ಅಂತ ಕೇಳಿದರೆ, ‘ನಾವು ಯಾವ ಪಾರ್ಟಿಗೂ ಸೇರಿಲ್ಲಮ್ಮ’ ಅಂದರು ಒಬ್ಬರು. ಅದೇ ‘ಸಾಹೇಬರ ಹತ್ತಿರ ಇದ್ದವರಿಗೆ ಮಾತ್ರ ಒಳ್ಳೆ ಶಿಫ್ಟ್ ಸಿಗುತ್ತಾ?’ ಅಂದಾಗ ಅರ್ಧ ಗಂಟೆ ಮಾತಾಡಿದರು! ಪದ ಬದಲಾದರೆ ಉತ್ತರವೇ ಬದಲಾಗುತ್ತೆ, ಅಲ್ವಾ?

ಅದರಲ್ಲೂ ಒಂದು ವಿಷಯಕ್ಕೆ ಮಾತೇ ಸಿಗುತ್ತಿಲ್ಲ. ತಪ್ಪು ಕಣ್ಣಿಗೆ ಕಂಡರೂ, ಬಡ್ತಿ ತಪ್ಪೀತು ಅಂತ ಸುಮ್ನೆ ತಲೆಯಾಡಿಸುವುದು. ‘ಬೆಣ್ಣೆ ಹಚ್ಚೋದು’ ಅಂದರೆ ಸರಿಹೋಗಲ್ಲ. ಇಲ್ಲಿ ಹೊಗಳಿಕೆ ಇಲ್ಲ, ಭಯ ಜಾಸ್ತಿ. ನಿಮ್ಮ ಆಫೀಸ್, ಫ್ಯಾಕ್ಟರಿ, ಬ್ಯಾಂಕಿನಲ್ಲಿ ಇದಕ್ಕೆ ಏನಂತಾರೆ? ದಯವಿಟ್ಟು ಕಾಮೆಂಟಿನಲ್ಲಿ ತಿಳಿಸಿ.

ಬೆಂಗಳೂರಲ್ಲಿ ಕೆಲಸ ಮಾಡುವವರು ಪ್ರಶ್ನೆಗಳಿಗೆ ಉತ್ತರಿಸಲು ಸಿದ್ಧರಿದ್ದರೆ ಮೆಸೇಜ್ ಮಾಡಿ. ಹೆಸರು, ಕಂಪನಿ ಯಾವುದನ್ನೂ ಕೇಳುವುದಿಲ್ಲ.